ಹಳೇ ಸ್ಮಿತ್ ಅಂಡ್ ವೆಸನ್ 19-3 ರಿವಾಲ್ವರ್ ಕೊಳ್ಳುವಾಗ ವಾರಂಟಿ, ರಿಪೇರಿ ಬಗ್ಗೆ ಎಷ್ಟು ನಿರೀಕ್ಷೆ ಇಟ್ಟುಕೊಳ್ಳಬಹುದು?

ತುಂಗಾತೀರ_ಟೆಕ್ಸಾಸ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆನ್‌ಲೈನ್ ಹರಾಜಿನಲ್ಲಿ ಸ್ಮಿತ್ ಅಂಡ್ ವೆಸನ್ ಮಾಡೆಲ್ 19-3 ಬಂದಿದೆ. 4 ಇಂಚಿನ ಬ್ಯಾರಲ್, .357 ಮ್ಯಾಗ್ನಮ್, ನೀಲಿ ಪಾಲಿಷ್. ಮಾರುವವರು ಒಹಾಯೊದವರು, ನಾನಿರುವುದು ಟೆಕ್ಸಾಸ್‌ನಲ್ಲಿ, ಗ್ರೀನ್ ಕಾರ್ಡ್ ಇದೆ. ಜಾಹೀರಾತಿನಲ್ಲಿ "ಇದ್ದ ಹಾಗೇ ಮಾರಾಟ, ಗುಂಡು ಹಾರಿಸದೆ ನೋಡಲು 3 ದಿನ" ಅಂತ ಇದೆ. ಫೋಟೋದಲ್ಲಿ ಹೊರಮೈ ಚೆನ್ನಾಗಿಯೇ ಕಾಣುತ್ತದೆ.

ಮೂರು ವಿಷಯ ತಿಳಿಯಬೇಕಿತ್ತು. ಸ್ಮಿತ್ ಅಂಡ್ ವೆಸನ್‌ನವರ ಜೀವಮಾನದ ವಾರಂಟಿ ಇದಕ್ಕೆ ಬರುತ್ತದಾ? ಅಂಗಡಿಯ ಕೌಂಟರಿನ ಮೇಲೆ ಹತ್ತು ಹದಿನೈದು ನಿಮಿಷದಲ್ಲಿ ಏನೇನು ನೋಡಬಹುದು? ದೋಷ ಸಿಕ್ಕಿದರೆ ಯಾವುದನ್ನು ರಿಪೇರಿ ಮಾಡಿಸಬಹುದು, ಯಾವುದಕ್ಕೆ ಕೈಮುಗಿದು ವಾಪಸ್ ಕಳಿಸಬೇಕು?

ಕಾಗದಪತ್ರ ಉತ್ತರಿಸಿದ್ದು:

ವಾರಂಟಿ ಬರುವುದಿಲ್ಲ. ಸ್ಮಿತ್ ಅಂಡ್ ವೆಸನ್‌ನವರ ಜೀವಮಾನದ ಸರ್ವಿಸ್ ಪಾಲಿಸಿ 1989ರ ಫೆಬ್ರವರಿ 1ರಿಂದ ಈಚೆಗೆ ಕೊಂಡ ಕೈಬಂದೂಕುಗಳಿಗೆ ಮಾತ್ರ, ಅದೂ ಮೊದಲ ಮಾಲೀಕನಿಗೆ ಮಾತ್ರ. 19-3 ತಯಾರಾದದ್ದು 1967ರಿಂದ 1977ರವರೆಗೆ. ಹಾಗಾಗಿ ನಿಮಗೆ ತಾರೀಖೂ ಹೊಂದುವುದಿಲ್ಲ, ನೀವು ಮೊದಲ ಮಾಲೀಕರೂ ಅಲ್ಲ. ಮಾರುವವರು "ಕಂಪನಿಯ ಲೈಫ್‌ಟೈಮ್ ವಾರಂಟಿ ಇದೆ" ಅಂತ ಎಲ್ಲಿಯಾದರೂ ಬರೆದಿದ್ದರೆ ಆ ಮಾತಿಗೆ ಒಂದು ಡಾಲರೂ ಹೆಚ್ಚು ಕೊಡಬೇಡಿ.

ಕಾಸು ಕೊಟ್ಟರೆ ಕಾರ್ಖಾನೆಯಲ್ಲಿ ಮಾಡಿಕೊಡುತ್ತಾರಾ ಎನ್ನುವುದು ಬೇರೆ ಪ್ರಶ್ನೆ. ಇಷ್ಟು ಹಳೇ ಕೆ-ಫ್ರೇಮಿನ (ನಿಮ್ಮ 19ರ ಚೌಕಟ್ಟಿನ ಗಾತ್ರಕ್ಕೆ ಕಂಪನಿಯ ಹೆಸರು) ಬ್ಯಾರಲ್, ಸಿಲಿಂಡರ್‌ಗಳ ದಾಸ್ತಾನು ಅಲ್ಲಿ ಮುಗಿದಿದೆ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ. ಕಳಿಸುವ ಮೊದಲು ಫೋನ್ ಮಾಡಿ, ಮಾಡೆಲ್ ಮತ್ತು ಡ್ಯಾಶ್ ನಂಬರ್ (19-3ರಲ್ಲಿ ಗೆರೆಯ ನಂತರದ 3) ಹೇಳಿ, ತೆಗೆದುಕೊಳ್ಳುತ್ತಾರಾ ಎಂದು ಕೇಳಿ. 2023ರಲ್ಲಿ ಕಂಪನಿಯ ಮುಖ್ಯ ಕಚೇರಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಿಂದ ಟೆನೆಸಿಯ ಮೇರಿವಿಲ್‌ಗೆ ಹೋಗಿದೆ. ಹಳೇ ಬರಹಗಳಲ್ಲಿರುವ ವಿಳಾಸ ನಂಬಿ ಪಾರ್ಸೆಲ್ ಮಾಡಬೇಡಿ.

ವಾರಂಟಿ ಮತ್ತು ರೀಕಾಲ್ ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ. ರೀಕಾಲ್ ಅಂದರೆ ದೋಷವಿದೆಯೆಂದು ಕಂಪನಿಯೇ ವಾಪಸ್ ಕರೆಸಿ ಸರಿಮಾಡಿಕೊಡುವುದು. ಅದು ಬಂದೂಕಿನ ಜೊತೆಗೇ ಹೋಗುತ್ತದೆ, ಮಾಲೀಕ ಎಷ್ಟನೆಯವನಾದರೂ ಸರಿ. ಉದಾಹರಣೆಗೆ 1987ರಲ್ಲಿ 586, 686 ಇತ್ಯಾದಿ ಎಲ್-ಫ್ರೇಮುಗಳಿಗೆ ರೀಕಾಲ್ ಆಯಿತು. ತೋಟಾದ ತಳದಲ್ಲಿ ಸಿಡಿದು ಮದ್ದಿಗೆ ಬೆಂಕಿ ಕೊಡುವ ಪ್ರೈಮರ್‌ನ ಲೋಹ ಹಿಂದಕ್ಕೆ ಉಬ್ಬಿ ಸಿಲಿಂಡರ್ ಸಿಕ್ಕಿಹಾಕಿಕೊಳ್ಳುತ್ತಿತ್ತು, ಹ್ಯಾಮರ್ ನೋಸ್ (ಹ್ಯಾಮರಿನ ಚೂಪು ಪಿನ್ನು) ಮತ್ತು ಅದರ ಬುಷಿಂಗ್ (ಪಿನ್ನು ಹಾಯುವ ತೂತಿನ ಬಳೆ) ಬದಲಿಸಿಕೊಟ್ಟರು. ಆ ಕೆಲಸ ಆಗಿರುವುದಕ್ಕೆ ಯೋಕ್ (ಸಿಲಿಂಡರನ್ನು ಹೊತ್ತು ಪಕ್ಕಕ್ಕೆ ತೆರೆಯುವ ತೋಳು) ತೆರೆದಾಗ ಮಾಡೆಲ್ ನಂಬರಿನ ಪಕ್ಕ "ಎಂ" ಅಕ್ಷರ ಒತ್ತಿರುತ್ತಾರೆ. ನಿಮ್ಮ 19ಕ್ಕೆ ಇದು ಅನ್ವಯಿಸುವುದಿಲ್ಲ. ಆದರೆ ಹಳೆಯದು ಕೊಳ್ಳುವವರಿಗೆಲ್ಲ ಗೊತ್ತಿರಲಿ.

ಈಗ ಆ 3 ದಿನದ ವಿಷಯ. ಬೇರೆ ರಾಜ್ಯದಿಂದ ಬರುವ ಕೈಬಂದೂಕು ನಿಮ್ಮ ಮನೆಗೆ ಬರುವುದಿಲ್ಲ, ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಅಂಗಡಿಗೆ ಬರುತ್ತದೆ. ಅಲ್ಲಿ ಬಂದೂಕು ಖರೀದಿಯ ಸರ್ಕಾರಿ 4473 ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಆದ ಮೇಲೆ ನಿಮ್ಮ ಕೈಗೆ. ಬಹುಪಾಲು ಮಾರಾಟಗಾರರ ನಿಯಮದಲ್ಲಿ, ಆ ಫಾರಂ ಮುಗಿಸಿ ಬಂದೂಕು ನಿಮ್ಮ ಹೆಸರಿಗೆ ಆಯಿತೆಂದರೆ ವಾಪಸಾತಿ ಮುಗಿಯಿತು. ಆದ್ದರಿಂದ ತಪಾಸಣೆಯೆಲ್ಲ ಫಾರಂಗೆ ಪೆನ್ನು ಹಚ್ಚುವ ಮೊದಲು, ಡೀಲರ್ ಕೌಂಟರಿನಲ್ಲೇ ಆಗಬೇಕು. ಬೇಡವೆಂದರೆ ಡೀಲರೇ ಮಾರಿದವರಿಗೆ ತಿರುಗಿ ಕಳಿಸುತ್ತಾರೆ. ಹೋಗಿಬರುವ ಕೊರಿಯರ್ ಖರ್ಚು ಯಾರದು ಅನ್ನುವುದನ್ನು ಹರಾಜು ಕೂಗುವ ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಆಡಿದ ಮಾತು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಗ್ರೀನ್ ಕಾರ್ಡ್ ಇದ್ದವರು ಫಾರಂನಲ್ಲಿ ತಮ್ಮ ಏಲಿಯನ್ ನಂಬರ್ ಬರೆಯಬೇಕು, ಕಾರ್ಡು ಜೊತೆಗಿರಲಿ. ಇದನ್ನು ಓದುತ್ತಿರುವ ಎಚ್-1ಬಿ ಗೆಳೆಯರಿಗೆ ಒಂದು ಮಾತು. ನಿಮಗೆ ಸಾಮಾನ್ಯವಾಗಿ ಬಂದೂಕು ಕೊಳ್ಳಲು, ಇಟ್ಟುಕೊಳ್ಳಲು ನಿಷೇಧವಿದೆ. ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ವಕೀಲರನ್ನು ಕೇಳದೆ ಮುಂದುವರಿಯಬೇಡಿ, ವೀಸಾಕ್ಕೇ ಕುತ್ತು.

ಮುಂದೆ ರಿಪೇರಿಗೆ ಕಳಿಸುವ ಸಂದರ್ಭ ಬಂದರೆ ಕಾನೂನು ಸಲೀಸಾಗಿದೆ. ನಿಮ್ಮದೇ ಬಂದೂಕನ್ನು ಕಾರ್ಖಾನೆಗೋ ಲೈಸೆನ್ಸ್ ಇರುವ ಗನ್‌ಸ್ಮಿತ್‌ಗೋ ಕಳಿಸಬಹುದು, ಅವರು ನೇರ ನಿಮಗೇ ತಿರುಗಿ ಕಳಿಸಬಹುದು, ಮತ್ತೆ ಡೀಲರ್ ಮೂಲಕ ಬರಬೇಕಿಲ್ಲ. ತೊಡಕಿರುವುದು ಕೊರಿಯರ್‌ನವರ ಕಡೆ. ಯುಪಿಎಸ್, ಫೆಡೆಕ್ಸ್ ಎರಡೂ ಖಾಸಗಿಯವರಿಂದ ಬಂದೂಕು ತೆಗೆದುಕೊಳ್ಳುವುದನ್ನು ನಿಲ್ಲಿಸಿವೆ. ರಿಪೇರಿ ಮಾಡುವವರೇ ಲೇಬಲ್ ಕಳಿಸಿದರೆ ಆಯಿತು, ಇಲ್ಲದಿದ್ದರೆ ಊರಿನ ಡೀಲರ್ ಕೈಯಲ್ಲಿ ಶುಲ್ಕ ಕೊಟ್ಟು ಕಳಿಸಿ.

ಫೀಲರ್_ಗೇಜ್ ಉತ್ತರಿಸಿದ್ದು:

ಮೇಲಿನವರು ಕಾಗದದ ಕಡೆ ಹೇಳಿದ್ದಾರೆ, ನಾನು ಕಬ್ಬಿಣದ ಕಡೆ ಹೇಳುತ್ತೇನೆ. ಹಳೇ ರಿವಾಲ್ವರಿನ ದೋಷವನ್ನು ತೂಗುವುದಕ್ಕೆ ಒಂದೇ ತಕ್ಕಡಿ: ಅದಕ್ಕೆ ಬೇಕಾದ ಭಾಗ ಇವತ್ತು ಸಿಗುತ್ತದಾ? ಸ್ಪ್ರಿಂಗ್, ಸ್ಕ್ರೂ, ಹ್ಯಾಂಡ್ (ಸಿಲಿಂಡರನ್ನು ನೂಕಿ ತಿರುಗಿಸುವ ಕಡ್ಡಿ), ಶಿಮ್ (ಸಂದಿ ತುಂಬುವ ತೆಳು ಬಳೆ) ಸಿಗುತ್ತವೆ. ಬ್ಯಾರಲ್, ಸಿಲಿಂಡರ್, ಫ್ರೇಮ್ ಸಿಗುವುದಿಲ್ಲ, ಸಿಕ್ಕರೂ ಇನ್ನೊಂದು ಹಳೇ ರಿವಾಲ್ವರ್ ಬಿಚ್ಚಿದ್ದೇ ಆಗಿರುತ್ತದೆ. ಮೊದಲ ಗುಂಪಿನ ದೋಷಕ್ಕೆ ಬೆಲೆ ಇಳಿಸಿ ಕೇಳಿ. ಎರಡನೆಯದಕ್ಕೆ ಎಷ್ಟು ಇಳಿಸಿದರೂ ಬೇಡ.

ಕೌಂಟರಿಗೆ ಹೋಗುವಾಗ ಜೇಬಿನಲ್ಲಿ ಇರಬೇಕಾದವು: ಫೀಲರ್ ಗೇಜ್ ಸೆಟ್, ಸಣ್ಣ ಟಾರ್ಚು, .357 ಅಥವಾ .38 ಸ್ಪೆಷಲ್‌ನ 6 ಡಮ್ಮಿ ತೋಟಾ ಇಲ್ಲವೇ ಹಾರಿಸಿದ ಖಾಲಿ ಕೇಸುಗಳು, ಗ್ರಿಪ್ ಸ್ಕ್ರೂಗೆ ಸರಿಯಾಗಿ ಕೂರುವ ಡ್ರೈವರ್. ಜೀವಂತ ತೋಟಾ ಬೇಡ. ಹ್ಯಾಮರ್ ಎಳೆದು ಬಿಡುವ ಮೊದಲು ಡೀಲರ್ ಅನುಮತಿ ಕೇಳಿ. ಇದು ಸೆಂಟರ್‌ಫೈರ್ (ಪಿನ್ನು ತೋಟಾದ ತಳದ ನಡುವೆ ಹೊಡೆಯುವ ಬಗೆ), ನಾಲ್ಕು ಸಲ ಖಾಲಿ ಬಿಟ್ಟರೆ ಹಾನಿಯಿಲ್ಲ. ಆದರೂ ವಸ್ತು ಇನ್ನೂ ನಿಮ್ಮದಲ್ಲವಲ್ಲ.

ಮೊದಲು ಸಿಲಿಂಡರ್ ತೆರೆದು ಆರೂ ಚೇಂಬರ್ (ತೋಟಾ ಕೂರುವ ತೂತು) ಖಾಲಿ ಎಂದು ಕಣ್ಣಾರೆ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ಯೋಕ್ ತೆರೆದಾಗ ಫ್ರೇಮ್ ಮೇಲೆ "19-3" ಕಾಣಬೇಕು. ಅಲ್ಲೇ ಇನ್ನೊಂದು ಅಂಕಿ ಇರುತ್ತದೆ, ಅದು ಜೋಡಣೆಯ ನಂಬರ್. ಸೀರಿಯಲ್ ನಂಬರಿಗೆ ಹೊಂದಲಿಲ್ಲ ಎಂದು ಗಾಬರಿಯಾಗಬೇಡಿ. ನಿಜವಾದ ಸೀರಿಯಲ್ ಹಿಡಿಯ ತಳದಲ್ಲಿದೆ. ದೊಡ್ಡ ಟಾರ್ಗೆಟ್ ಗ್ರಿಪ್ ಮುಚ್ಚಿದ್ದರೆ ಗ್ರಿಪ್ ಬಿಚ್ಚಬೇಕು. ಹೇಗೂ ಬಿಚ್ಚುತ್ತೀರಿ, ಒಳಗೆ ತುಕ್ಕಿದೆಯಾ ನೋಡಿ, ಎಡಗಡೆ ಹಿಡಿಯ ಚೌಕಟ್ಟಿನಲ್ಲಿ ಚೌಕದೊಳಗೆ "ಆರ್-ಎಸ್" ಒತ್ತಿದೆಯಾ ನೋಡಿ. ಇದ್ದರೆ ಕಾರ್ಖಾನೆಯಲ್ಲೇ ಮತ್ತೆ ನೀಲಿ ಪಾಲಿಷ್ ಆಗಿದೆ ಅಂತ ಅರ್ಥ. ಆ ಮುದ್ರೆ ಇಲ್ಲದೆ, ಅಕ್ಷರಗಳು ಮಸುಕಾಗಿ, ಸ್ಕ್ರೂ ತೂತುಗಳ ಅಂಚು ಬಟ್ಟಲಿನಂತೆ ತಗ್ಗಾಗಿದ್ದರೆ ಹೊರಗೆಲ್ಲೋ ಬಫ್ ಹೊಡೆಸಿದ್ದಾರೆ. ಕೆಲಸಕ್ಕೆ ತೊಂದರೆಯಿಲ್ಲ, ಬೆಲೆಗೆ ತೊಂದರೆ.

ಈಗ 19ರ ಮರ್ಮಸ್ಥಾನ: ಫೋರ್ಸಿಂಗ್ ಕೋನ್. ಅಂದರೆ ಬ್ಯಾರಲ್ಲಿನ ಹಿಂತುದಿ, ಸಿಲಿಂಡರ್‌ನಿಂದ ಹಾರಿದ ಗುಂಡು ಮೊದಲು ಹೊಗುವ ಬಾಯಿ. ಕೆ-ಫ್ರೇಮ್ ಚಿಕ್ಕದು. ಯೋಕ್‌ಗೆ ಜಾಗ ಮಾಡಲು ಆ ಬಾಯಿಯ ಕೆಳಭಾಗವನ್ನು, ಗಡಿಯಾರದ 6 ಗಂಟೆಯ ಜಾಗದಲ್ಲಿ, ಚಪ್ಪಟೆಯಾಗಿ ಕತ್ತರಿಸಿದ್ದಾರೆ. ಅಲ್ಲಿ ಗೋಡೆ ತೆಳು. 125 ಗ್ರೇನ್‌ನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಹಗುರ, ವೇಗದ ಮ್ಯಾಗ್ನಮ್ ತೋಟಾಗಳನ್ನು ಬಹಳ ಹಾರಿಸಿದ ರಿವಾಲ್ವರುಗಳಲ್ಲಿ ಬಿಸಿ ಅನಿಲ ಆ ಜಾಗವನ್ನು ಕೊರೆದು ಕೊನೆಗೆ ಬಿರುಕು ಬಿಡಿಸುತ್ತದೆ. ಸಿಲಿಂಡರ್ ತೆರೆದು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಸೀಸ, ಮಸಿ ಮೆತ್ತಿಕೊಂಡಿದ್ದರೆ ಬಿರುಕು ಅದರಡಿ ಮುಚ್ಚಿಹೋಗಿರುತ್ತದೆ, ಒರೆಸಿ ನೋಡಲು ಬಿಡಿ ಎಂದು ಕೇಳಿ. ಕೂದಲಿನಷ್ಟು ತೆಳ್ಳನೆಯ ಗೆರೆ ಉದ್ದುದ್ದಕ್ಕೆ ಕಂಡರೆ ಮಾತು ಮುಗಿಯಿತು, ವಾಪಸ್. ಇದಕ್ಕೆ ಹೊಸ ಬ್ಯಾರಲ್ಲೇ ಬೇಕು, ಅದು ಸಿಗುವುದಿಲ್ಲ.

ಅದರ ಮೇಲ್ಗಡೆ, ಫ್ರೇಮಿನ ಮೇಲ್ಪಟ್ಟಿಯ ಒಳಮೈಯಲ್ಲಿ ಅಡ್ಡ ಗೀರು ಇದ್ದರೆ ಹೆದರಬೇಡಿ. ಜ್ವಾಲೆ ಕೊರೆದ ಗೀರು ಅದು, ಸ್ವಲ್ಪ ಆಳಕ್ಕೆ ಹೋಗಿ ತಾನೇ ನಿಂತುಬಿಡುತ್ತದೆ. ಬ್ಯಾರಲ್ ಒಳಗೆ ಬೆಳಕು ಬಿಟ್ಟಾಗ ಕಪ್ಪು ಬಳೆಯಂತೆ ಒಂದು ನೆರಳು ಸುತ್ತಲೂ ಕಂಡರೆ ಮಾತ್ರ ಹೆದರಿ. ಒಳಗೆ ಗುಂಡು ಸಿಕ್ಕಿಕೊಂಡಿದ್ದಾಗ ಇನ್ನೊಂದು ಹಾರಿಸಿ ಬ್ಯಾರಲ್ ಉಬ್ಬಿದ ಗುರುತು ಅದು.

ಅಳತೆ. ಇಂಚಿನ ಸಾವಿರದ ಒಂದು ಭಾಗವನ್ನು ಲೇತ್ ಅಂಗಡಿಯಲ್ಲಿ ಅನ್ನುವ ಹಾಗೆ ಥೌ ಎಂದೇ ಬರೆಯುತ್ತೇನೆ. ಸಿಲಿಂಡರ್ ಮುಚ್ಚಿ, ಹ್ಯಾಮರ್ ಕೆಳಗಿರಲಿ. ಸಿಲಿಂಡರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಒತ್ತಿಹಿಡಿದು, ಅದರ ಮುಖಕ್ಕೂ ಬ್ಯಾರಲ್ಲಿಗೂ ನಡುವೆ ಫೀಲರ್ ಎಲೆ ತೂರಿಸಿ. ಒತ್ತಾಯವಿಲ್ಲದೆ ಹೋಗುವ ದಪ್ಪನೆಯ ಎಲೆಯೇ ನಿಮ್ಮ ಅಂಕಿ. ಆಮೇಲೆ ಸಿಲಿಂಡರನ್ನು ಮುಂದಕ್ಕೆ ಒತ್ತಿ ಮತ್ತೆ ಅಳೆಯಿರಿ. ಮೊದಲನೆಯದು ಅಂತರ. 4ರಿಂದ 8 ಥೌ ಚೆನ್ನ, 10 ಆದರೂ ನಡೆಯುತ್ತದೆ, 12 ದಾಟಿದರೆ ಬೇಡ. ಎರಡರ ವ್ಯತ್ಯಾಸವೇ ಎಂಡ್‌ಶೇಕ್, ಅಂದರೆ ಸಿಲಿಂಡರ್ ಹಿಂದುಮುಂದಾಗಿ ಆಡುವ ಆಟ. 1, 2 ಥೌ ಇದ್ದರೆ ಒಳ್ಳೆಯದು. 3 ದಾಟಿದರೆ ಸರಿಮಾಡಿಸಬೇಕು. ಈ ಆಟ ಬೆಳೆದಂತೆ ಪ್ರತಿ ಹೊಡೆತಕ್ಕೂ ಸಿಲಿಂಡರ್ ಸುತ್ತಿಗೆಯಂತೆ ಮುಂದೆ ಹಿಂದೆ ಬಡಿದು ಇನ್ನಷ್ಟು ಸವೆಸುತ್ತದೆ, ಪಿನ್ನಿನ ಪೆಟ್ಟು ಮೆತ್ತಗಾಗಿ ತೋಟಾ ಹಾರದೆ ಉಳಿಯುವುದೂ ಉಂಟು. ಆರೂ ಚೇಂಬರಿನಲ್ಲಿ ಅಳೆಯಿರಿ, ಸಿಲಿಂಡರಿನ ಮುಖ ಎಲ್ಲ ಕಡೆ ಸಮ ಇರಲೇಬೇಕೆಂದಿಲ್ಲ.

ಇನ್ನು ಟೈಮಿಂಗ್, ಅಂದರೆ ಚೇಂಬರ್ ಬ್ಯಾರಲ್ಲಿನ ನೇರಕ್ಕೆ ಸರಿಯಾದ ಹೊತ್ತಿಗೆ ಬಂದು ನಿಲ್ಲುವುದು. ಸಿಲಿಂಡರ್ ಮೇಲೆ ಒಂದು ಬೆರಳಿನಿಂದ ಹಗುರ ತಡೆ ಕೊಟ್ಟುಕೊಂಡು ಹ್ಯಾಮರನ್ನು ತೀರಾ ನಿಧಾನ ಎಳೆಯಿರಿ. ಹ್ಯಾಮರ್ ಪೂರ್ತಿ ನಿಲ್ಲುವುದಕ್ಕೆ ಮೊದಲೇ ಕೆಳಗಿನ ಸ್ಟಾಪ್ "ಟಿಕ್" ಎಂದು ಸಿಲಿಂಡರಿನ ಕಚ್ಚಿಗೆ ಕೂರಬೇಕು. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿನಿಂದ ಸ್ವಲ್ಪ ತಿರುಗಿಸಿದಾಗ ಟಿಕ್ ಎಂದರೆ ಆ ಚೇಂಬರಿನ ಟೈಮಿಂಗ್ ಹಿಂದಿದೆ.

ಹ್ಯಾಮರ್ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಹಿಂದಿನಿಂದ ಮುಂದಕ್ಕೆ ಸಾಧಾರಣ ಬಲದಲ್ಲಿ ನೂಕಿ. ಬಿದ್ದರೆ ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಹ್ಯಾಮರಿನ ಕಚ್ಚನ್ನು ಉಜ್ಜಿಬಿಟ್ಟಿದ್ದಾರೆ. ಗಟ್ಟಿ ಪದರ ಬರೀ ಮೇಲ್ಮೈಯದ್ದು. ಅದು ಹೋದ ಮೇಲೆ ಮತ್ತೆ ಉಜ್ಜಿ ಸರಿಮಾಡಲಾಗದು, ಹ್ಯಾಮರ್ ಬದಲಿಸಬೇಕು. ಇದು ಸುರಕ್ಷತೆಯ ದೋಷ, ಸರಿಯಾಗುವವರೆಗೆ ತೋಟಾ ತುಂಬಬಾರದು.

ಹ್ಯಾಮರಿಗೆ ಅಂಟಿಕೊಂಡಿರುವ ಚೂಪು ಪಿನ್ನು ಸ್ವಲ್ಪ ಮೇಲೆ ಕೆಳಗೆ ಅಲ್ಲಾಡುತ್ತದೆ. ಅದು ದೋಷವಲ್ಲ, ಹಾಗೇ ಇರಬೇಕು. ತುದಿ ಮುರಿದಿದೆಯಾ ಅಷ್ಟೇ ನೋಡಿ. ಹಿಡಿಯ ಮುಂಭಾಗದಲ್ಲಿ ಗ್ರಿಪ್ ಅಡಿ ಒಂದು ಸ್ಟ್ರೇನ್ ಸ್ಕ್ರೂ ಇದೆ, ಅದು ಪೂರ್ತಿ ಬಿಗಿಯಾಗಿರಬೇಕು. ಟ್ರಿಗರ್ ಹಗುರವಾಗಲಿ ಎಂದು ಅದನ್ನು ಸಡಿಲಿಸುವುದು, ಅರ ಹಾಕಿ ಗಿಡ್ಡ ಮಾಡುವುದು ಹಳೇ ಚಾಳಿ. ಅಂಥದ್ದರಲ್ಲಿ ತೋಟಾ ಹಾರದೆ ಉಳಿಯುತ್ತದೆ. ಹೊಸ ಸ್ಕ್ರೂ ಒಂದು ಹಾಕಿದರೆ ಆಯಿತು.

ಕೊನೆಯದಾಗಿ ಸಿಲಿಂಡರ್ ತೆರೆದು ಮೆಲ್ಲಗೆ ತಿರುಗಿಸಿ, ಎಜೆಕ್ಟರ್ ಕಡ್ಡಿಯ ತುದಿ ನೋಡಿ. ವೃತ್ತ ಬರೆದಂತೆ ಅಲ್ಲಾಡಿದರೆ ಕಡ್ಡಿ ಬಾಗಿದೆ. ಸಿನಿಮಾದಲ್ಲಿ ಮಾಡುವಂತೆ ಸಿಲಿಂಡರನ್ನು ಮಣಿಕಟ್ಟಿನಿಂದ ಝಾಡಿಸಿ ಮುಚ್ಚಿದ ರಿವಾಲ್ವರುಗಳಲ್ಲಿ ಯೋಕ್ ಬಾಗಿರುತ್ತದೆ. ಮುಚ್ಚಿದಾಗ ಯೋಕ್‌ಗೂ ಫ್ರೇಮ್‌ಗೂ ನಡುವಿನ ಸಂದಿಯಲ್ಲಿ ಬೆಳಕು ಕಾಣುತ್ತದಾ ನೋಡಿ.

ತುಂಗಾತೀರ_ಟೆಕ್ಸಾಸ್:

ಇಷ್ಟು ವಿವರಕ್ಕೆ ತುಂಬಾ ಧನ್ಯವಾದ. ರಿವಾಲ್ವರ್ ಡೀಲರ್ ಅಂಗಡಿಗೆ ಬಂದಿದೆ, ಇನ್ನೂ ಫಾರಂ ತುಂಬಿಲ್ಲ. ಅಳತೆ ಹೀಗಿದೆ. ಹಿಂದಕ್ಕೆ ಒತ್ತಿದಾಗ 8 ಥೌ, ಮುಂದಕ್ಕೆ ಒತ್ತಿದಾಗ 3 ಥೌ, ಆರೂ ಚೇಂಬರಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಫೋರ್ಸಿಂಗ್ ಕೋನ್ ಒರೆಸಿ ನೋಡಿದ್ದಾಯಿತು, ಬಿರುಕಿಲ್ಲ. ಹ್ಯಾಮರ್ ನೂಕಿದರೆ ಬೀಳುವುದಿಲ್ಲ. ಬೆರಳಿನ ತಡೆ ಕೊಟ್ಟಾಗ 5 ಚೇಂಬರ್ ಸರಿಯಾಗಿ ಕೂರುತ್ತವೆ, ಒಂದು ಮಾತ್ರ ಕೊನೆಗೆ ಕೂರುವುದಿಲ್ಲ. ಖಾಲಿ ಚೇಂಬರಿನಲ್ಲಿ ನೋಡಿದ್ದು ಇದು. ಎಂಡ್‌ಶೇಕ್ 5 ಥೌ ಅಂದರೆ ಬಿಟ್ಟುಬಿಡಬೇಕಾ?

ಫೀಲರ್_ಗೇಜ್:

ಬಿಡಬೇಡಿ. ನಿಮ್ಮ ಅಂಕಿಗಳು ವಾಸ್ತವವಾಗಿ ಒಳ್ಳೆಯ ಕಡೆಯವೇ.

ಎಂಡ್‌ಶೇಕ್ ಸರಿಮಾಡುವುದೆಂದರೆ ಸಿಲಿಂಡರ್ ಮುಂದಕ್ಕೆ ಬರುವುದನ್ನು ತಡೆಯುವುದು, ಹಿಂದಿನ ಮಿತಿ ಇದ್ದಲ್ಲೇ ಇರುತ್ತದೆ. 2 ಥೌ ದಪ್ಪದ ಎರಡು ಶಿಮ್ ಹಾಕಿದರೆ ಮುಂದಿನ ಅಳತೆ 3 ಇದ್ದದ್ದು 7 ಆಗುತ್ತದೆ, ಹಿಂದಿನದು 8 ಹಾಗೇ. ಆಟ 1 ಥೌ, ಅಂತರ 7-8. ಇದಕ್ಕಿಂತ ಹೆಚ್ಚು ಏನೂ ಬೇಡ. ಹಿಂದಕ್ಕೆ ಒತ್ತಿದ ಅಳತೆ 12 ಇದ್ದಿದ್ದರೆ ಕಥೆ ಬೇರೆ. ಆಟ ತೆಗೆದ ಮೇಲೂ ಅಂತರ 12 ಉಳಿಯುತ್ತಿತ್ತು, ಬ್ಯಾರಲ್ ಬಿಚ್ಚಿ ಭುಜ ಸವರಿ ಒಂದು ಸುತ್ತು ಒಳಗೆ ಕೂರಿಸಬೇಕಾಗುತ್ತಿತ್ತು. ಆದ್ದರಿಂದಲೇ ಎರಡೂ ಕಡೆ ಒತ್ತಿ ಅಳೆಯದೆ, ಬರೀ "ಅಂತರ ಚೆನ್ನಾಗಿದೆ" ಎಂದು ಹೇಳುವ ಮಾರಾಟಗಾರನ ಮಾತಿಗೆ ಬೆಲೆಯಿಲ್ಲ. ಮುಂದಕ್ಕೆ ಒತ್ತಿ ಅಳೆದ 3 ಥೌ ಕೇಳಲು ಚಂದ.

ಆ ಒಂದು ಚೇಂಬರಿನ ಬಗ್ಗೆ: ಡಮ್ಮಿ ಅಥವಾ ಖಾಲಿ ಕೇಸು ಆರನ್ನೂ ತುಂಬಿ ಮತ್ತೆ ನೋಡಿ. ಸಿಲಿಂಡರಿನ ಹಿಂದಿನ ನಕ್ಷತ್ರದಂಥ ಎಕ್ಸ್‌ಟ್ರಾಕ್ಟರ್ ಎರಡು ಸಣ್ಣ ಪಿನ್ನುಗಳ ಆಧಾರದಲ್ಲಿ ಕೂತಿರುತ್ತದೆ. ಹಳೆಯದಾದಾಗ ಆ ಪಿನ್ನುಗಳ ಮೇಲೆ ಅದು ಒಂದಿಷ್ಟು ಓಲಾಡುತ್ತದೆ, ಹ್ಯಾಂಡ್ ನೂಕಿದಾಗ ಸಿಲಿಂಡರ್ ತಿರುಗುವ ಬದಲು ನಕ್ಷತ್ರ ಮಾತ್ರ ತುಸು ತಿರುಗಿಬಿಡುತ್ತದೆ. ಕೇಸುಗಳು ತುಂಬಿದ್ದರೆ ಅವೇ ನಕ್ಷತ್ರವನ್ನು ಬಿಗಿ ಹಿಡಿಯುತ್ತವೆ.

ತುಂಗಾತೀರ_ಟೆಕ್ಸಾಸ್:

ಖಾಲಿ ಕೇಸು ತುಂಬಿ ನೋಡಿದೆ. ಆರೂ ಚೇಂಬರ್ ಸರಿಯಾಗಿ ಕೂರುತ್ತಿವೆ!

ಫೀಲರ್_ಗೇಜ್:

ಹಾಗಿದ್ದರೆ ಹ್ಯಾಂಡ್ ಮುಟ್ಟಬೇಡಿ. ಹಾರಿಸುವಾಗ ತೋಟಾ ಇದ್ದೇ ಇರುತ್ತದೆ, ಅದರಲ್ಲಿ ಸರಿಯಿದ್ದರೆ ಸರಿ. ಮೊದಲು ಎಂಡ್‌ಶೇಕ್ ಸರಿಮಾಡಿ, ಆಮೇಲೆ ಟೈಮಿಂಗ್ ಇನ್ನೊಮ್ಮೆ ನೋಡಿ. ಸಿಲಿಂಡರ್ ಹಿಂದಕ್ಕೆ ನಿಂತಾಗ ಹ್ಯಾಂಡಿಗೂ ನಕ್ಷತ್ರದ ಹಲ್ಲಿಗೂ ಹಿಡಿತ ತುಸು ಬದಲಾಗುತ್ತದೆ. ಈ ಕ್ರಮ ತಿರುಗಿಸಿ, ಮೊದಲೇ ದಪ್ಪ ಹ್ಯಾಂಡ್ ಹಾಕಿಸಿದವರು ಎರಡೆರಡು ಸಲ ಕೂಲಿ ಕೊಡುತ್ತಾರೆ.

ಶಿಮ್ ನೀವೇ ಹಾಕುವುದಾದರೆ ಎರಡು ಜಾಗದಲ್ಲಿ ಎಚ್ಚರ. ಬಲಪಕ್ಕದ ತಟ್ಟೆಯ ಸ್ಕ್ರೂಗಳಲ್ಲಿ ಮುಂದಿನದು ಯೋಕ್ ಹಿಡಿಯುವ ಸ್ಕ್ರೂ. ಅದರ ತುದಿಯನ್ನು ಆ ಯೋಕ್‌ಗೆಂದೇ ಅಳವಡಿಸಿರುತ್ತಾರೆ. ಉಳಿದವುಗಳ ಜೊತೆ ಅದಲುಬದಲು ಮಾಡಿದರೆ ಯೋಕ್ ಬಿಗಿಯಾಗುತ್ತದೆ ಇಲ್ಲವೇ ಸಡಿಲಾಗುತ್ತದೆ. ಬಿಚ್ಚಿದ ತಕ್ಷಣ ಬೇರೆ ಡಬ್ಬಿಯಲ್ಲಿಡಿ. ಎರಡನೆಯದು ಎಜೆಕ್ಟರ್ ಕಡ್ಡಿ. 19-1ರಿಂದ ಈಚೆಗೆ ಅದರ ಥ್ರೆಡ್ ಎಡಗೈಯದು. ಮಾಮೂಲಿ ಸ್ಕ್ರೂ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಇನ್ನೂ ಬಿಗಿಯಾಗಿ ಕೊನೆಗೆ ಮುರಿಯುತ್ತದೆ. ಮೊದಲ 19ಗಳಲ್ಲಿ ಥ್ರೆಡ್ ಬಲಗೈಯದೇ ಇತ್ತು. ಹಾರಿಸುತ್ತ ಹೋದಂತೆ ಕಡ್ಡಿ ತಾನೇ ಬಿಚ್ಚಿಕೊಂಡು ಮುಂದೆ ಬಂದು, ಸಿಲಿಂಡರ್ ತೆರೆಯದೆ ಕಚ್ಚಿಕೊಳ್ಳುತ್ತಿತ್ತು. ಅದಕ್ಕೇ ಬದಲಿಸಿದರು. ಬಿಚ್ಚುವಾಗ ಚೇಂಬರುಗಳಲ್ಲಿ ಖಾಲಿ ಕೇಸು ತುಂಬಿಟ್ಟುಕೊಳ್ಳಿ, ಇಲ್ಲದಿದ್ದರೆ ತಿರುಚುವ ಬಲವೆಲ್ಲ ಆ ಎರಡು ಪುಟ್ಟ ಪಿನ್ನುಗಳ ಮೇಲೆ ಬಿದ್ದು ಬಾಗುತ್ತವೆ. ಕಡ್ಡಿಯನ್ನು ಬರೀ ಇಕ್ಕಳದಲ್ಲಿ ಹಿಡಿಯಬೇಡಿ, ಮೃದು ದವಡೆ ಹಾಕಿ ಅಥವಾ ಚರ್ಮ ಸುತ್ತಿ.

ಪಕ್ಕದ ತಟ್ಟೆ ತೆಗೆಯುವ ಸಂದರ್ಭ ಬಂದರೆ ಸ್ಕ್ರೂಡ್ರೈವರಿನಿಂದ ಮೀಟಬೇಡಿ. ಸ್ಕ್ರೂ ತೆಗೆದ ಮೇಲೆ ಹಿಡಿಯ ಚೌಕಟ್ಟಿಗೆ ಮರದ ಹಿಡಿಯಿಂದ ತಟ್ಟುತ್ತ ಹೋದರೆ ಕಂಪನಕ್ಕೇ ತಟ್ಟೆ ಮೇಲೆ ಬರುತ್ತದೆ. ಮೀಟಿದ ಅಂಚು ಎಂದಿಗೂ ಮೊದಲಿನಂತೆ ಕೂರುವುದಿಲ್ಲ.

ಸಾಣೆಕಲ್ಲು ಉತ್ತರಿಸಿದ್ದು:

ಶಿಮ್ ಬಗ್ಗೆ ನನ್ನದು ಭಿನ್ನ ಅಭಿಪ್ರಾಯ. 2 ಥೌ ಶಿಮ್ ಎಂದರೆ ಕಾಗದದಷ್ಟು ತೆಳು. ಯೋಕ್ ಕೊಳವೆಯ ತುದಿ ಸವೆದು ಓರೆಯಾಗಿದ್ದರೆ ಶಿಮ್ ಆ ಓರೆಯ ಮೇಲೆಯೇ ಕೂತು ಒಂದು ಕಡೆಯಷ್ಟೇ ಭಾರ ಹೊರುತ್ತದೆ. .357 ಹೆಚ್ಚು ಹಾರಿಸುವುದಾದರೆ ಗನ್‌ಸ್ಮಿತ್ ಹತ್ತಿರ ಯೋಕ್ ಕೊಳವೆಯನ್ನೇ ಹಿಗ್ಗಿಸಿ, ತುದಿಯನ್ನು ಚೌಕವಾಗಿ ಸವರಿಸುವುದು ಬಾಳಿಕೆಯ ಕೆಲಸ. ಒಳಗೆ ಬಿಗಿಯಾದ ಸರಳು ಇಟ್ಟು, ಹೊರಗೆ ರೋಲರ್ ಒತ್ತಿ ತಿರುಗಿಸಿದರೆ ಲೋಹ ಉದ್ದಕ್ಕೆ ಹರಿಯುತ್ತದೆ. ನಿಮ್ಮ 5 ಥೌಗೆ ಆ ಕೆಲಸ ಸಣ್ಣದು. ವರ್ಷಕ್ಕೆ ಕೆಲವು ಡಬ್ಬಿ .38 ಸ್ಪೆಷಲ್ ಮಾತ್ರ ಅನ್ನುವುದಾದರೆ ಶಿಮ್ ಸಾಕು, ಒಪ್ಪುತ್ತೇನೆ. ಫೋರ್ಸಿಂಗ್ ಕೋನ್ ಇಷ್ಟು ವರ್ಷ ಉಳಿದುಬಂದಿದೆ, ನೀವೂ ಉಳಿಸಿ. ಅಭ್ಯಾಸಕ್ಕೆ .38, ಮ್ಯಾಗ್ನಮ್ ಬೇಕಾದಾಗ 158 ಗ್ರೇನ್. .38 ಹಾರಿಸಿದ ಮೇಲೆ ಚೇಂಬರಿನೊಳಗೆ ಗಿಡ್ಡ ಕೇಸಿನ ಬಾಯಿ ಇದ್ದ ಕಡೆ ಮಸಿಯ ಉಂಗುರ ಕಟ್ಟುತ್ತದೆ. ಅದನ್ನು ಬ್ರಷ್ ಹಾಕಿ ತೆಗೆಯದೆ .357 ತುಂಬಿದರೆ ಕೇಸು ಕಚ್ಚಿಕೊಳ್ಳುತ್ತದೆ, ಜನ ಅದನ್ನು ರಿವಾಲ್ವರಿನ ದೋಷ ಅಂದುಕೊಳ್ಳುತ್ತಾರೆ.

ಬೆಲೆ ಇಳಿಸಲು ಮಾರಿದವರಿಗೆ ಆ ಎರಡು ಅಂಕಿಗಳನ್ನೇ ಬರೆದು ಕಳಿಸಿ, ಗೇಜ್ ಎಲೆ ತೂರಿಸಿದ ಫೋಟೋ ಜೊತೆಗೆ. "ಲೂಸಾಗಿದೆ" ಎಂದರೆ ವಾದ ಶುರುವಾಗುತ್ತದೆ. "5 ಥೌ ಎಂಡ್‌ಶೇಕ್, ಗನ್‌ಸ್ಮಿತ್ ಕೂಲಿಯಷ್ಟು ಕಡಿಮೆ ಮಾಡಿ" ಎಂದರೆ ಮಾತುಕತೆ ಶುರುವಾಗುತ್ತದೆ.

ಬೇರೆ ಕಂಪನಿಯವನ್ನು ನೋಡುತ್ತಿರುವವರಿಗೆ ಎರಡು ಮಾತು. ರೂಗರ್‌ನವರು ಲಿಖಿತ ವಾರಂಟಿ ಕೊಡುವುದಿಲ್ಲ, ಆದರೆ 1953ರಿಂದ 1972ರವರೆಗಿನ ಹಳೇ, ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎಳೆಯಬೇಕಾದ ಸಿಂಗಲ್-ಆಕ್ಷನ್‌ಗಳಿಗೆ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಎಳೆಯದೆ ಹ್ಯಾಮರಿನ ಪೆಟ್ಟು ಪಿನ್ನಿಗೆ ತಾಗದಂತೆ ಮಾಡುವ ಪಟ್ಟಿ) ಸುರಕ್ಷತಾ ಬದಲಾವಣೆಯನ್ನು ಉಚಿತವಾಗಿ ಮಾಡಿಕೊಟ್ಟು, ಬಿಚ್ಚಿದ ಮೂಲ ಭಾಗಗಳನ್ನೂ ಜೊತೆಗೆ ಕಳಿಸುತ್ತಾರೆ. ಆ ಮೂಲ ಭಾಗಗಳ ಪೊಟ್ಟಣ ಇದ್ದರೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ, ಮಾರುವವರನ್ನು ಕೇಳಿ. ಬದಲಾವಣೆ ಆಗದ ರಿವಾಲ್ವರಿನಲ್ಲಿ 5 ತೋಟಾ ಮಾತ್ರ ತುಂಬಿ, ಹ್ಯಾಮರ್ ಖಾಲಿ ಚೇಂಬರಿನ ಮೇಲೆ ಇರಬೇಕು, ಇದರಲ್ಲಿ ರಾಜಿಯಿಲ್ಲ. ಹಳೇ ಕೋಲ್ಟ್ ಪೈಥಾನ್, 1955ರಿಂದ 2005ರವರೆಗಿನದ್ದು, ಇನ್ನೊಂದು ಜಾತಿ. ಅದರ ಹ್ಯಾಂಡ್ ಸವೆಯುತ್ತ ಹೋಗುವುದೇ ಅದರ ವಿನ್ಯಾಸ, ಆಗಾಗ ಸರಿಹೊಂದಿಸಬೇಕು, ಅದು ಬಲ್ಲ ಕೈಗಳು ಕಡಿಮೆ. 2020ರ ಹೊಸ ಪೈಥಾನ್‌ನ ಒಳಭಾಗಗಳು ಅದಕ್ಕೆ ಹೊಂದುವುದಿಲ್ಲ. "ಹೊಸದು ಬರುತ್ತಿದೆಯಲ್ಲ, ಬಿಡಿಭಾಗ ಸಿಗುತ್ತದೆ" ಅನ್ನುವ ಧೈರ್ಯದಲ್ಲಿ ಹಳೆಯದನ್ನು ಕೊಳ್ಳಬೇಡಿ.

ಕಾಫಿತೋಟ_ಕೊಡಗು ಕೇಳಿದ್ದು:

ಒಳ್ಳೆ ಚರ್ಚೆ. ನಮ್ಮ ಕಡೆ ಲೈಸೆನ್ಸ್ ಇರುವವರ ಹತ್ತಿರ ಕಾನ್ಪುರದ .32 ರಿವಾಲ್ವರ್, ಬ್ರಿಟಿಷ್ ಕಂಪನಿಯ ಹಳೇ ವೆಬ್ಲಿ ಎರಡೂ ಕೈಬದಲಾಗುತ್ತವೆ. ಈ ತಪಾಸಣೆ ಅವಕ್ಕೂ ಹೊಂದುತ್ತದಾ? ವಾರಂಟಿ ಪ್ರಶ್ನೆ ನಮ್ಮಲ್ಲಿ ಹೇಗೆ?

ಕಾಗದಪತ್ರ:

ಅಣ್ಣ, ಮೊದಲು ಕಾನೂನು. ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಖಾಸಗಿ ವ್ಯಕ್ತಿ ತನ್ನದನ್ನು ಇನ್ನೊಬ್ಬ ಅರ್ಹರಿಗೆ ಮಾರುವುದಾದರೆ, ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಕೊಳ್ಳುವವರ ಹೆಸರು ವಿಳಾಸ ಸಮೇತ ಬರೆದು ತಿಳಿಸಿ, 45 ದಿನ ಕಳೆದ ಮೇಲೆಯೇ ಕೊಡಬೇಕು. ಕೊಳ್ಳುವವರ ಲೈಸೆನ್ಸಿನಲ್ಲಿ ರಿವಾಲ್ವರಿಗೆ ಅವಕಾಶ ಇರಬೇಕು. ಆ 45 ದಿನವನ್ನು ವ್ಯರ್ಥ ಅಂದುಕೊಳ್ಳಬೇಡಿ, ಲೈಸೆನ್ಸ್ ಇರುವ ಅಂಗಡಿಯಲ್ಲಿ ತಪಾಸಣೆ ಮಾಡಿಸಲು ಅದೇ ಸಮಯ. ರಿಪೇರಿಗೂ ಅದೇ ಕಲಂ ಅಡಿಯಲ್ಲಿ ಲೈಸೆನ್ಸ್ ಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲೋ ಲೇತ್‌ನಲ್ಲೋ ಮುಟ್ಟಿಸಿದರೆ ಮಾಡಿದವರಿಗೂ ಮಾಡಿಸಿದವರಿಗೂ ಕಷ್ಟ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ 2 ಬಂದೂಕಿಗೆ ಮಿತಿ ಬಂದಿದೆ, ಕೊಳ್ಳುವ ಮೊದಲು ನಿಮ್ಮ ಲೆಕ್ಕ ನೋಡಿಕೊಳ್ಳಿ.

ಕಾನ್ಪುರದ ಹಳೇ ಬಿಲ್ಲುಗಳಲ್ಲಿ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡ್ ಎಂದಿರುತ್ತದೆ. ಆ ಮಂಡಳಿ 2021ರ ಅಕ್ಟೋಬರ್ 1ರಿಂದ ಇಲ್ಲ, ಅದರ ಕಾರ್ಖಾನೆಗಳು ಏಳು ಸರ್ಕಾರಿ ಕಂಪನಿಗಳಾಗಿ ಹಂಚಿಹೋದವು. ಮೊದಲ ಖರೀದಿಯ ಬಿಲ್ಲು ಇದ್ದರೆ ಮಾರುವವರಿಂದ ತಪ್ಪದೆ ಕೇಳಿ ಪಡೆಯಿರಿ. ವಾರಂಟಿಗಲ್ಲ, ಬಿಡಿಭಾಗ ಕೇಳುವಾಗ ನಂಬರ್ ಮತ್ತು ವರ್ಷ ತೋರಿಸಲು.

ಫೀಲರ್_ಗೇಜ್:

ತಪಾಸಣೆಯಲ್ಲಿ ಮುಖ್ಯ ವ್ಯತ್ಯಾಸ ಒಂದಿದೆ. ಕಾನ್ಪುರದ ಹಳೇ .32 ಮತ್ತು ವೆಬ್ಲಿ ಎರಡೂ ನಡುವೆ ಮಡಚಿ ತೆರೆಯುವಂಥವು. ಸ್ಮಿತ್‌ನಲ್ಲಿ ಬ್ಯಾರಲ್ ಫ್ರೇಮಿಗೆ ಗಟ್ಟಿಯಾಗಿ ತಿರುಪಿಕೊಂಡಿರುತ್ತದೆ. ಇವುಗಳಲ್ಲಿ ಬ್ಯಾರಲ್, ಸಿಲಿಂಡರ್ ಎರಡೂ ಮುಂದಿನ ಕೀಲಿನ ಮೇಲೆ ಮತ್ತು ಹಿಂದಿನ ಕೊಂಡಿಯ ಮೇಲೆ ನಿಂತಿರುತ್ತವೆ. ಆದ್ದರಿಂದ ಅಂತರ ಅಳೆಯುವ ಮೊದಲು, ಖಾಲಿ ಎಂದು ಖಾತರಿ ಮಾಡಿಕೊಂಡು, ಮುಚ್ಚಿ ಒಂದು ಕೈಯಲ್ಲಿ ಹಿಡಿ, ಇನ್ನೊಂದರಲ್ಲಿ ಬ್ಯಾರಲ್ ಹಿಡಿದು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಮೇಲೆ ಕೆಳಗೆ ಆಡಿದರೆ ಕೊಂಡಿ ಸವೆದಿದೆ, ಪಕ್ಕಕ್ಕೆ ಆಡಿದರೆ ಕೀಲು ಸವೆದಿದೆ. ಕೊಂಡಿ ಬಾಳುವುದು ತೆರೆಯುವವರ ಕೈಯ ಮೇಲೆ ಅವಲಂಬಿಸಿದೆ. ಕೊಂಡಿಯನ್ನು ಪೂರ್ತಿ ಒತ್ತದೆ, ಬ್ಯಾರಲನ್ನೇ ತೊಡೆಗೆ ಬಡಿದು ತೆರೆಯುವವರ ಕೈಯಲ್ಲಿ ಬೇಗ ಹೋಗುತ್ತದೆ.

ಒಳಗಿನ ಮುಖ್ಯ ಸ್ಪ್ರಿಂಗ್ ಇಂಗ್ಲಿಷ್ ವಿ ಅಕ್ಷರದ ಆಕಾರದ್ದು, ಹಳೆಯದು ಮಡಿಕೆಯಲ್ಲೇ ಮುರಿಯುತ್ತದೆ. ಹ್ಯಾಮರ್ ಎಳೆದಾಗ ಬಿಗಿ ಒಂದೇ ಸಮ ಏರಬೇಕು. ನಡುವೆ ಕಿರ್ ಎಂದರೆ, ಜಾರಿದಂತಾದರೆ ಗಮನಿಸಿ.

ನಮ್ಮ ಮಳೆಗಾಲದ ಊರುಗಳಲ್ಲಿ ಸವೆತಕ್ಕಿಂತ ತುಕ್ಕೇ ದೊಡ್ಡ ಶತ್ರು. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಬಿಟ್ಟದ್ದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ತಿಂಗಳುಗಟ್ಟಲೆ ಬಟ್ಟೆಯಲ್ಲಿ ಸುತ್ತಿಟ್ಟದ್ದು, ಹೊರಗಿನಿಂದ ಎಣ್ಣೆ ಹಚ್ಚಿ ಒರೆಸಿದರೆ ಫಳಫಳ ಕಾಣುತ್ತದೆ. ಹಿಡಿಯ ತಟ್ಟೆ ಬಿಚ್ಚಿ ಅದರಡಿ ನೋಡಿ, ತೇವ ಅಲ್ಲೇ ಕೂತಿರುತ್ತದೆ. ಚೇಂಬರುಗಳ ಒಳಗೋಡೆಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಸಾಸಿವೆಯಷ್ಟು ಗುಳಿಗಳಿದ್ದರೆ ಹಾರಿಸಿದ ಕೇಸು ಅದರೊಳಗೆ ಕಚ್ಚಿ ಎಕ್ಸ್‌ಟ್ರಾಕ್ಟರ್ ಎಳೆಯಲಾರದೆ ನಿಲ್ಲುತ್ತದೆ. ಮಡಚುವ ರಿವಾಲ್ವರಿನಲ್ಲಿ ಅಂಥ ಕೇಸು ಎಕ್ಸ್‌ಟ್ರಾಕ್ಟರ್ ಅಡಿಗೆ ಜಾರಿ ಸಿಲುಕಿದರೆ ಮುಚ್ಚಲೂ ಆಗುವುದಿಲ್ಲ. ಗುಳಿ ಬಿದ್ದ ಸಿಲಿಂಡರಿಗೆ ಉಜ್ಜುವುದು ಪರಿಹಾರವಲ್ಲ, ಉಜ್ಜಿದಷ್ಟೂ ಚೇಂಬರ್ ಅಗಲವಾಗಿ ಕೇಸು ಸೀಳುತ್ತದೆ. ಅಂಥದ್ದು ಸಿಕ್ಕರೆ, 45 ದಿನ ಇನ್ನೂ ಮುಗಿದಿಲ್ಲವಾದರೆ, ಮಾರುವವರಿಗೆ ಹೇಳಿ ಅವರು ಬರೆದುಕೊಟ್ಟ ತಿಳಿವಳಿಕೆಯನ್ನು ವಾಪಸ್ ತೆಗೆಸುವುದೇ ಸರಿ.

ತುಂಗಾತೀರ_ಟೆಕ್ಸಾಸ್:

ಅಂಕಿ, ಫೋಟೋ ಕಳಿಸಿದೆ, ಮಾರಿದವರು ಗನ್‌ಸ್ಮಿತ್ ಕೂಲಿಯಷ್ಟು ಕಡಿಮೆ ಮಾಡಲು ಒಪ್ಪಿ ಮೆಸೇಜಿನಲ್ಲೇ ಬರೆದಿದ್ದಾರೆ. ಯೋಕ್ ಹಿಗ್ಗಿಸುವ ಕೆಲಸವನ್ನೇ ಮಾಡಿಸುತ್ತೇನೆ. ಗನ್‌ಸ್ಮಿತ್‌ಗೆ ಕೊಡುವಾಗ ಚೀಟಿಯಲ್ಲಿ ಏನು ಬರೆಯಲಿ?

ಸಾಣೆಕಲ್ಲು:

ಇಷ್ಟೇ ಬರೆಯಿರಿ: "19-3, ಅಂತರ ಹಿಂದೆ 8, ಮುಂದೆ 3. ಯೋಕ್ ಹಿಗ್ಗಿಸಿ ಎಂಡ್‌ಶೇಕ್ 1 ಥೌಗೆ ತನ್ನಿ. ಹ್ಯಾಂಡ್ ಬದಲಿಸಬೇಡಿ, ಟ್ರಿಗರ್ ಕಚ್ಚು ಮುಟ್ಟಬೇಡಿ, ಪಾಲಿಷ್ ಬೇಡ. ಟೈಮಿಂಗನ್ನು ಡಮ್ಮಿ ತುಂಬಿ ನೋಡಿ. ಬಿಚ್ಚಿದ ಭಾಗ ಏನಿದ್ದರೂ ವಾಪಸ್ ಕೊಡಿ." ಅವರ ಕೆಲಸಕ್ಕೆ ಎಷ್ಟು ದಿನದ ಖಾತರಿ ಎನ್ನುವುದನ್ನು ಅದೇ ಚೀಟಿಯ ಕೆಳಗೆ ಅವರ ಕೈಯಲ್ಲೇ ಬರೆಸಿ, ತಿರುಗಿ ತೆಗೆದುಕೊಳ್ಳುವಾಗ ಕೌಂಟರಿನಲ್ಲೇ ಗೇಜ್ ಹಾಕಿ ಎರಡೂ ಕಡೆ ಅಳೆಯಿರಿ.